ಬೆನ್ನ ಹಿಂದಿನ ಮಾತು

ಗಿರಣಿಯಲ್ಲಿ ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಿವಿ ದೊಡ್ಡದಿತ್ತು ಎಂದಲ್ಲ. ನೂಲಿನ ಗಿರಣಿಯ ಯಂತ್ರಗಳಲ್ಲಿ ಯಾವುದಕ್ಕೆ ಮೈ ಸರಿಯಿಲ್ಲ ಎಂಬುದನ್ನು ಅವನು ಬಿಚ್ಚಿ ನೋಡದೆ, ಬರೀ ಕೇಳಿ ಹೇಳುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಬೇರಿಂಗಿನ ಗೂಡಿಗೆ ಒತ್ತುವುದು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸುವುದು, ಕಣ್ಣು ಮುಚ್ಚಿ ನಿಲ್ಲುವುದು. ಆಮೇಲೆ ತೀರ್ಪು. ಸಾಮಾನ್ಯವಾಗಿ ಅವನು ಹೇಳಿದ ಹಾಗೆಯೇ ಆಗುತ್ತಿತ್ತು. ಆಗದಿದ್ದರೆ ಬೇರಿಂಗಿಗೆ ಬೈಗುಳ ಬೀಳುತ್ತಿತ್ತೇ ಹೊರತು, ನಾನು ತಪ್ಪಾಗಿ ಕೇಳಿಸಿಕೊಂಡೆ ಎಂಬ ಮಾತು ಅವನ ಬಾಯಿಂದ ಹೊರಟಿದ್ದನ್ನು ಕಂಡವರಿಲ್ಲ.

ನೂಲುವ ವಿಭಾಗದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವ ಪ್ರಶ್ನೆಯೇ ಇರಲಿಲ್ಲ. ಅಷ್ಟು ಸದ್ದು. ಅಲ್ಲಿ ಕೆಲಸಕ್ಕೆ ಸೇರಿದವರು ಮೊದಲು ಕಲಿಯುವುದು ಇನ್ನೊಬ್ಬರ ತುಟಿ ಓದುವುದನ್ನು. ಬಾಯಿ ಅಗಲಿಸಿ ಅರ್ಧ, ಕೈ ತಿರುಗಿಸಿ ಅರ್ಧ ಹೇಳಿದರೆ ಮಾತು ಮುಗಿಯಿತು. ಜಗಳ, ಹರಟೆ, ಗುಟ್ಟು, ಕೀಟಲೆ ಎಲ್ಲವೂ ಅಲ್ಲಿ ದನಿಯಿಲ್ಲದೆ ನಡೆಯುತ್ತಿದ್ದವು. ಒಂದು ಆಯುಷ್ಯ ಹೀಗೆ ಕಳೆದ ಮೇಲೆ ಕಿವಿ ಎಷ್ಟು ಕೇಳುತ್ತಿದೆ, ಕಣ್ಣು ಎಷ್ಟು ಕೇಳುತ್ತಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಮೇಸ್ತ್ರಿಗಂತೂ ತಿಳಿದಿರಲಿಲ್ಲ. ಎದುರಿಗೆ ನಿಂತವರ ಮಾತೆಲ್ಲ ಅರ್ಥವಾಗುತ್ತಿತ್ತು, ಅರ್ಥವಾದದ್ದನ್ನೇ ಅವನು ಕೇಳಿದ್ದು ಎಂದುಕೊಂಡಿದ್ದ.

ಅವನ ಹೆಂಡತಿ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸಕ್ಕಿದ್ದಳು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ರೋಗಿಗಳು ತೊಡುವ ಹಸಿರು ಅಂಗಿ, ಎಲ್ಲವೂ ಒಗೆದು ಒಣಗಿ ಇನ್ನೂ ಬಿಸಿಯಿರುವಾಗಲೇ ಅವಳ ಮೇಜಿಗೆ ಬರುತ್ತಿದ್ದವು. ಹರಿದದ್ದನ್ನು ಬೇರೆ ಮಾಡಿ, ಉಳಿದದ್ದನ್ನು ಮಡಿಸಿ, ಯಾವ ಮಹಡಿಗೆ ಯಾವುದು ಎಂದು ಜೋಡಿಸಿಡುವುದು ಅವಳ ಕೆಲಸ. ದಿನವಿಡೀ ಬಟ್ಟೆಯ ಜೊತೆ ಬಾಯಿ ಮುಚ್ಚಿಕೊಂಡಿದ್ದವಳಿಗೆ ಸಂಜೆ ಗಂಡ ಸಿಕ್ಕನೆಂದರೆ ಕಟ್ಟೆ ಒಡೆದಂತೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು. ಕಿಟಕಿಯ ಕಡೆ ಅವಳು, ಪಕ್ಕದಲ್ಲಿ ಅವನು. ಅವಳು ಪೂರ್ತಿ ಅವನತ್ತ ತಿರುಗಿಕೊಂಡು ಮಾತಾಡುತ್ತಿದ್ದಳು, ಅವನು ಅವಳ ಮುಖವನ್ನೇ ನೋಡುತ್ತಾ ಕೇಳುತ್ತಿದ್ದ. ನೋಡಿದವರು ಈ ವಯಸ್ಸಿನಲ್ಲೂ ಎಂಥ ಪ್ರೀತಿ ಎಂದುಕೊಳ್ಳುತ್ತಿದ್ದರು. ಪ್ರೀತಿ ಇತ್ತು, ಅದು ಸುಳ್ಳಲ್ಲ. ಅವರ ಸಂಸಾರದ ದೊಡ್ಡ ತೀರ್ಮಾನಗಳೆಲ್ಲ ಆ ಬಸ್ಸಿನ ಸೀಟಿನಲ್ಲೇ ಆದವು. ಮಕ್ಕಳಾಗಲಿಲ್ಲ, ಇನ್ನು ಡಾಕ್ಟರುಗಳ ಬಾಗಿಲು ತಟ್ಟುವುದು ಬೇಡ ಎಂದು ಅವಳು ಹೇಳಿದ್ದು ಅಲ್ಲಿ. ಆಗಲಿ ಎಂದು ಅವನು ಅವಳ ಕೈ ಹಿಡಿದುಕೊಂಡದ್ದೂ ಅಲ್ಲೇ.

ನಿವೃತ್ತಿ ಹತ್ತಿರ ಬಂದಾಗ ಮೇಸ್ತ್ರಿ ಮೋಟಾರ್ ಸೈಕಲ್ಲು ಕೊಂಡ. ಸಣ್ಣದಲ್ಲ. ಎರಡು ಸಿಲಿಂಡರಿನದು, ಕಡು ನೀಲಿ ಟ್ಯಾಂಕಿನದು, ಸ್ಟ್ಯಾಂಡಿನಿಂದ ಇಳಿಸಲು ಗಟ್ಟಿ ಆಳು ಬೇಕು. ಹರೆಯದಲ್ಲಿ ಆಸೆಪಟ್ಟದ್ದು ಕೈಗೆ ಬರುವ ಹೊತ್ತಿಗೆ ಮೀಸೆ ಬೆಳ್ಳಗಾಗಿತ್ತು.

"ಮೇಸ್ತ್ರಿ, ಈ ವಯಸ್ಸಿಗೆ ಜನ ಊರುಗೋಲು ತಗೋತಾರೆ. ನೀವು ಕುದುರೆ ತಂದಿದ್ದೀರಲ್ಲ!" ಎಂದು ಗಿರಣಿಯವರು ತುಟಿಯಲ್ಲೇ ಗೇಲಿ ಮಾಡಿದರು. ಅವನು ಹಲ್ಲು ಬಿಟ್ಟು ನಕ್ಕ. ಗೇಲಿಯೂ ಹೊಸ ಗಾಡಿಗೆ ಸಿಕ್ಕ ಮರ್ಯಾದೆ ಎಂದುಕೊಂಡ.

ಮೊದಲ ದಿನಗಳಲ್ಲಿ ಅವನ ಅವತಾರ ನೋಡಬೇಕಿತ್ತು. ಹೊಸ ಇಂಜಿನ್ನು ಪಳಗುವ ತನಕ ಜೋರು ಮಾಡಬಾರದು ಎಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿತ್ತು. ಮೇಸ್ತ್ರಿ ಅದನ್ನು ಅಕ್ಷರಶಃ ಪಾಲಿಸಿದ. ಅಂಥ ಗಾಡಿಯ ಮೇಲೆ ಕೂತು, ಮೈಗೆ ದಪ್ಪ ಜಾಕೆಟ್ಟು ಹಾಕಿ, ಕೈಗೆ ಗವಸು ತೊಟ್ಟು, ತರಕಾರಿ ತುಂಬಿದ ಟೆಂಪೋಗಳಿಗೆ ದಾರಿ ಬಿಡುತ್ತಾ ಹೋಗುತ್ತಿದ್ದ. ಮನೆಗೆ ಬಂದರೆ ಮೊದಲು ಗಾಡಿ ಒರೆಸಬೇಕು, ಆಮೇಲೆ ಕೈಕಾಲು ಮುಖ. ಚೈನಿಗೆ ಎಣ್ಣೆ ಬಿಡುವಾಗ ಕೆಳಗೆ ರಟ್ಟು ಹಾಸುತ್ತಿದ್ದ, ನೆಲಕ್ಕೆ ಕಲೆಯಾಗಬಾರದೆಂದಲ್ಲ, ನೆಲದ ಧೂಳು ಚೈನಿಗೆ ಹತ್ತಬಾರದೆಂದು. ಒಂದು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆ ಸಿಕ್ಕಾಗ ಮಾತ್ರ ಮನಸ್ಸು ತಡೆಯದೆ ಒಂದು ಸಲ ತಿರುವಿದ. ಹೊಟ್ಟೆಯೊಳಗೆ ಏನೋ ಹಿಂದಕ್ಕೆ ಜಾರಿದಂತಾಯಿತು, ಅಂಗೈ, ಮೊಣಕಾಲು, ಹಲ್ಲು ಎಲ್ಲ ಕಡೆಯೂ ಇಂಜಿನ್ನು ತುಂಬಿಕೊಂಡಿತು. ನಿಲ್ಲಿಸಿದಾಗ ಕಣ್ಣಲ್ಲಿ ನೀರಿತ್ತು, ಗಾಳಿಗೋ ಖುಷಿಗೋ ಅವನಿಗೇ ಗೊತ್ತಾಗಲಿಲ್ಲ.

ಬಸ್ಸು ಬಿಟ್ಟಾಯಿತು. ಸಂಜೆ ಆಸ್ಪತ್ರೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಹೆಂಡತಿ ಅವನ ಭುಜ ಹಿಡಿದು, ಕಾಲು ಎತ್ತಿ ಹಾಕಿ, "ಇದೇನ್ರೀ, ಅಟ್ಟ ಹತ್ತಿದ ಹಾಗಾಗುತ್ತೆ" ಎಂದು ಗೊಣಗಿಕೊಂಡು ಹತ್ತುತ್ತಿದ್ದಳು. ಹತ್ತಿದ ಮೇಲೆ ಬಸ್ಸಿನಲ್ಲಿ ಮಾತಾಡಿದ ಹಾಗೇ ಮಾತು ಶುರು.

ಈಗ ಅವಳು ಪಕ್ಕದಲ್ಲಿರಲಿಲ್ಲ, ಬೆನ್ನ ಹಿಂದೆ ಇದ್ದಳು. ಅವಳ ತುಟಿ ಅವನಿಗೆ ಕಾಣುತ್ತಿರಲಿಲ್ಲ. ಮಾತು ಕೇಳಿಸುತ್ತಿಲ್ಲ ಎಂಬುದನ್ನು ಮೇಸ್ತ್ರಿ ಮೊದಲ ದಿನವೇ ಗಮನಿಸಿದ, ಗಾಳಿ ಎಂದುಕೊಂಡ. ಎರಡನೇ ದಿನ ಹೆಲ್ಮೆಟ್ಟು ಎಂದುಕೊಂಡ. ಆಮೇಲೆ ಒಂದು ಉಪಾಯ ತಾನಾಗಿಯೇ ಬಂತು. ಅವಳು ಒರಗಿಕೊಂಡು ಮಾತಾಡುವಾಗ ಅವಳ ದನಿಯ ಅದುರು ಅವನ ಬೆನ್ನಿಗೆ ತಾಗುತ್ತಿತ್ತು. ಅದುರು ನಿಂತಾಗ ಅವನು "ಹೂಂ" ಎನ್ನುತ್ತಿದ್ದ. ಮಾತು ಮುಗಿಯಿತು ಎಂಬುದು ಬೆನ್ನಿಗೆ ತಿಳಿಯುತ್ತಿತ್ತು, ಏನು ಮುಗಿಯಿತು ಎಂಬುದು ತಿಳಿಯುತ್ತಿರಲಿಲ್ಲ. ಮನೆಗೆ ಹೋದ ಮೇಲೆ ಮುಖ ನೋಡಿ ಮಾತಾಡುವುದು ಇದ್ದೇ ಇದೆಯಲ್ಲ ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಒಂದು ಸಂಜೆ ಅವಳು ಹೇಳಿದ್ದೇನೆಂದು ಇಲ್ಲೇ ಹೇಳಿಬಿಡುತ್ತೇನೆ. ಅವನಿಗೆ ತಿಳಿಯಲು ಇನ್ನೂ ಸಮಯವಿದೆ, ನಾವಾದರೂ ತಿಳಿದುಕೊಂಡಿರೋಣ.

"ರೀ, ಎಡಗಡೆ ಎದೇಲಿ ಒಂದು ಗಂಟು ಸಿಕ್ಕಿದೆ. ನಮ್ಮ ಆಸ್ಪತ್ರೆ ಡಾಕ್ಟರಮ್ಮಂಗೆ ತೋರಿಸ್ದೆ. ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆ ಮಾಡ್ಬೇಕಂತೆ. ಗುರುವಾರ ಬಾ ಅಂದಿದ್ದಾರೆ. ನನಗೆ ಭಯ ಆಗ್ತಿದೆ."

ಮುಖ ನೋಡಿ ಹೇಳಲು ಅವಳಿಗೆ ಧೈರ್ಯ ಸಾಲದೆ ಬೆನ್ನಿಗೆ ಹೇಳಿದ್ದಳು. ಅದುರು ನಿಂತಿತು.

"ಹೂಂ" ಎಂದ ಮೇಸ್ತ್ರಿ.

ಅವಳು ಅವನ ಭುಜದ ಮೇಲೆ ಕೈಯಿಟ್ಟಳು. "ಅವತ್ತು ನೀವು ರಜ ಹಾಕಿ ಬರ್ತೀರಾ? ಇಲ್ಲ, ನಾನೊಬ್ಬಳೇ ಹೋಗ್ಲಾ?"

"ಹೂಂ."

"ಒಬ್ಬಳೇ ಹೋಗ್ಲಾ?"

"ಹೂಂ, ಹೂಂ."

ಅವನ ಭುಜದ ಮೇಲಿದ್ದ ಅವಳ ಕೈ ಹಿಂದಕ್ಕೆ ಹೋಗಿ ಸೀಟಿನ ಹಿಂದಿನ ಕಂಬಿಯನ್ನು ಹಿಡಿದುಕೊಂಡಿತು. ಪರವಾಗಿಲ್ಲ, ಇವಳಿಗೂ ಗಾಡಿ ಅಭ್ಯಾಸವಾಯಿತು ಎಂದು ಮೇಸ್ತ್ರಿ ಒಳಗೊಳಗೇ ಖುಷಿಪಟ್ಟ. ಅವಳು ಮನೆಯಲ್ಲಿ ಆ ಮಾತನ್ನು ಮತ್ತೆ ಎತ್ತಲಿಲ್ಲ. ಒಂದು ಸಲ ಬಾಯಿಬಿಟ್ಟು ಕೇಳಿದ್ದೇ ಹೆಚ್ಚು, ಇನ್ನೊಂದು ಸಲ ಬೇಡಿಕೊಳ್ಳುವ ಹೆಂಗಸಲ್ಲ ಅವಳು.

ಗುರುವಾರ ಬಂತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಮೇಸ್ತ್ರಿ, "ಇವತ್ತು ರಜ ಹಾಕಿದ್ದೀನಿ ಕಣೆ" ಎಂದ. ಅವಳು ಲೋಟ ಕೆಳಗಿಟ್ಟು ಅವನ ಮುಖ ನೋಡಿದಳು. ಅವಳ ಕಣ್ಣು ತುಂಬಿ ಬಂದದ್ದು ಅವನಿಗೆ ಕಾಣಿಸಿತು, ಆದರೆ ಏಕೆಂದು ತಿಳಿಯಲಿಲ್ಲ.

"ಗಾಡಿ ಮೊದಲನೇ ಸರ್ವೀಸು" ಎಂದ.

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಇವನು ಸರ್ವೀಸಿನ ಶೆಡ್ಡಿನಲ್ಲಿ ಇಂಜಿನ್ನಿನ ಕೆಳಗೆ ಬಗ್ಗಿ, ಹಳೆಯ ಆಯಿಲ್ ಇಳಿಯುವುದನ್ನು ನೋಡುತ್ತಿದ್ದ ಹೊತ್ತಿಗೆ ಅವಳು ಬಟ್ಟೆ ಕೋಣೆಯಿಂದ ಎರಡು ಮಹಡಿ ಹತ್ತಿ, ತಾನೇ ಮಡಿಸಿಟ್ಟಿದ್ದ ಹಸಿರು ಅಂಗಿಯೊಂದನ್ನು ತೊಟ್ಟು ಮಲಗಿದಳು. ಇವನು ಆಯಿಲಿಗೆ ಬೆರಳದ್ದಿ, ಹೊಸ ಇಂಜಿನ್ನು ಸವೆದು ಬಿಟ್ಟ ಲೋಹದ ಹುಡಿ ಎಷ್ಟಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅಲ್ಲಿ ಅವಳ ಮೈಯಿಂದ ತುಣುಕು ತೆಗೆದರು.

"ಎಲ್ಲಾ ಸರಿ" ಎಂದ ಮೇಸ್ತ್ರಿ ಮೆಕ್ಯಾನಿಕ್ಕಿಗೆ. "ಟ್ಯಾಪೆಟ್ ಮಾತ್ರ ಬಿಗಿ ಇದೆ. ಸದ್ದೇ ಇಲ್ಲ."

ಟ್ಯಾಪೆಟ್ ಎಂದರೆ ಇಂಜಿನ್ನಿನ ತಲೆಯೊಳಗೆ ವಾಲ್ವುಗಳನ್ನು ಒತ್ತಿ ತೆರೆಯುವ ಪುಟ್ಟ ಭಾಗ. ವಾಲ್ವಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಇದ್ದರೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಇದ್ದೇ ಇರುತ್ತದೆ. ಸದ್ದು ಪೂರ್ತಿ ನಿಂತಿತೆಂದರೆ ಸಂದು ಮುಚ್ಚಿದೆ, ವಾಲ್ವು ಸುಟ್ಟುಹೋಗುತ್ತದೆ. ಇದನ್ನೆಲ್ಲ ಮೇಸ್ತ್ರಿ ಬಲ್ಲ. ಬಲ್ಲವನಾದ್ದರಿಂದಲೇ ಅವನಿಗೆ ಈ ಯೋಚನೆ ಹತ್ತಿದ್ದು. ಏನೂ ತಿಳಿಯದವನಾಗಿದ್ದರೆ ಗಾಡಿ ಎಷ್ಟು ನಯವಾಗಿದೆ ಎಂದು ಹಿಗ್ಗುತ್ತಾ ಮನೆಗೆ ಹೋಗುತ್ತಿದ್ದ.

ಮೆಕ್ಯಾನಿಕ್ ಕೈ ಒರೆಸಿಕೊಂಡು ನಕ್ಕ. "ಎಲ್ರೂ ಸದ್ದು ಜಾಸ್ತಿ ಅಂತ ಬರ್ತಾರೆ ಮೇಸ್ತ್ರಿ. ಕಡಿಮೆ ಅಂತ ಬಂದವರು ನೀವೇ ಮೊದಲು." ಅಳತೆಯ ತಗಡು ಹಾಕಿ ನೋಡಿದ. ಸಂದು ಸರಿಯಾಗಿಯೇ ಇತ್ತು.

"ನಿನ್ನ ತಗಡು ಏನಾದ್ರೂ ಹೇಳ್ಲಿ, ನನ್ನ ಕಿವಿ ಹೇಳುತ್ತಲ್ಲ. ಸ್ವಲ್ಪ ಸಡಿಲ ಮಾಡು."

ಕಿವಿ ಮೇಸ್ತ್ರಿಯ ಮಾತಿಗೆ ಎದುರು ಹೇಳುವುದು ಹೇಗೆ? ಮೆಕ್ಯಾನಿಕ್ ಸಡಿಲ ಮಾಡಿದ. ಇಂಜಿನ್ನು ಶುರು ಮಾಡಿ ಮುಖ ಕಿವುಚಿದ. ಮೇಸ್ತ್ರಿ ತಲೆಯಾಡಿಸಿ, "ಇನ್ನೂ ಸಾಲದು, ಇರ್ಲಿ" ಎಂದು ಗಾಡಿ ತೆಗೆದುಕೊಂಡು ಹೊರಟ.

ಆ ಸಂಜೆ ಅವಳು ಗೇಟಿಗೆ ಬಂದಾಗ ಎಡಗೈಯನ್ನು ಮೈಗೆ ಅವಚಿಕೊಂಡಿದ್ದಳು. ಗಾಡಿ ಹತ್ತಲು ಒದ್ದಾಡಿದಳು. "ಏನಾಯ್ತೇ?" ಎಂದು ಅವನು ತಿರುಗಿ ಕೇಳಿದ. "ಏನಿಲ್ಲ. ಬಟ್ಟೆ ಎತ್ತಿ ಎತ್ತಿ ಭುಜ ನೋವು" ಎಂದಳು. ತುಟಿ ಎದುರಿಗಿತ್ತು, ಸರಿಯಾಗಿಯೇ ಓದಿಕೊಂಡ. ಪಾಪ, ಸೀಟು ಎತ್ತರವಾಯಿತು ಎಂದು ಅವನ ಕರುಳು ಚುರುಕ್ ಎಂದಿತು. ಆ ವಾರವೇ ಹಿಂದಿನ ಸೀಟನ್ನು ಕೆಳಗಿಳಿಸಿ, ಒಳಗೆ ಮೆತ್ತನೆಯ ಸ್ಪಂಜು ಹಾಕಿಸಿ, ಬೆನ್ನಿಗೆ ಒರಗುದಿಂಬು ಕೂರಿಸಿ, ಕಾಲಿಡಲು ಅಗಲದ ಕಂಬಿ ಜೋಡಿಸಿದ. ಗಾಳಿ ಬಡಿಯದಿರಲೆಂದು ಮುಂದೆ ಎತ್ತರದ ಗಾಜು ಕಟ್ಟಿಸಿದ. ಹೆಂಡತಿಯ ಮೇಲೆ ಇವನಿಗೆ ಅಕ್ಕರೆ ಇರಲಿಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅಕ್ಕರೆ ಬೇಕಾದಷ್ಟಿತ್ತು, ಎಲ್ಲವೂ ಹೋಗಿ ಸೀಟಿಗೆ ಸೇರಿತು.

ಅವಳು ಆ ಸೀಟಿನಲ್ಲಿ ಕೂತಳು, ಚೆನ್ನಾಗಿದೆ ಎಂದಳು. ದಾರಿಯುದ್ದಕ್ಕೂ ಮತ್ತೇನೂ ಮಾತಾಡಲಿಲ್ಲ.

ಬೆನ್ನಿಗೆ ಅದುರು ತಾಗದೆ ದಿನಗಳು ಹೋದವು. ಮೇಸ್ತ್ರಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ. ಇಂಜಿನ್ನಿನದೇ ದೋಷ ಎಂದು ಮತ್ತೆ ಅದರ ಹಿಂದೆ ಬಿದ್ದ. ಸದ್ದು ಚೆನ್ನಾಗಿ ಬಿಡುವ ಸೈಲೆನ್ಸರ್ ಸಿಗುತ್ತದೆಂದು ಯಾರೋ ಹೇಳಿದ್ದೇ ತಡ, ಹಳೆಯದನ್ನು ಕಳಚಿಸಿ ಅದನ್ನು ಹಾಕಿಸಿದ. ಗಾಡಿ ಬೀದಿಗೆ ಬಂದರೆ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಪಕ್ಕದ ಮನೆಯಾಕೆ ಜಗಳಕ್ಕೇ ಬಂದಳು. ಹೆಂಡತಿ ಒಂದು ದಿನ ಎದುರು ನಿಂತು, "ಈ ಗಾಡಿ ಬಂದ್ಮೇಲೆ ನಿಮಗೆ ಬೇರೆ ಏನೂ ಬೇಡ ಆಯ್ತಲ್ವಾ?" ಎಂದಳು. ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಮೇಸ್ತ್ರಿ ಮತ್ತೆ ಶೆಡ್ಡಿಗೆ ಹೋದ. ಮುಖ ಗಂಟಿಕ್ಕಿಕೊಂಡು ಹೇಳಿದ: "ಈ ಸೈಲೆನ್ಸರ್ ಬೇಡ, ಮೊದಲಿನದೇ ಹಾಕು. ಟ್ಯಾಪೆಟ್ ಇನ್ನೂ ಕೇಳಿಸ್ತಿಲ್ಲ."

ಮೆಕ್ಯಾನಿಕ್ ಹಳೆಯ ಸೈಲೆನ್ಸರನ್ನು ಕೂರಿಸಿ ಇಂಜಿನ್ನು ಶುರು ಮಾಡಿದ. ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ತಲೆಯೆತ್ತಿ ಈ ಕಡೆ ನೋಡಿದರು. ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದಂತೆ ಬಡಿಯುತ್ತಿತ್ತು ಅದು, ಸಡಿಲ ಮಾಡಿಸಿದ್ದ ಟ್ಯಾಪೆಟ್. ಮೆಕ್ಯಾನಿಕ್ ಮೇಸ್ತ್ರಿಯ ಮುಖವನ್ನು ಒಂದು ಗಳಿಗೆ ನೋಡಿದ. ಇಂಜಿನ್ನು ನಿಲ್ಲಿಸಿದ. ಬೆನ್ನು ತಿರುಗಿಸಿ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಏನೋ ಅಂದ. ಮತ್ತೆ ಈ ಕಡೆ ತಿರುಗಿದ.

"ಹೂಂ" ಎಂದ ಮೇಸ್ತ್ರಿ.

"ನಾನೇನು ಹೇಳ್ದೆ ಮೇಸ್ತ್ರಿ?"

"ಅದೇ... ಟ್ಯಾಪೆಟ್ ವಿಷಯ."

"ನಿಮ್ಮ ಗಾಡಿಗೆ ಬೆಂಕಿ ಬಿದ್ದಿದೆ ಅಂತ ಹೇಳ್ದೆ. ನೀವು ಹೂಂ ಅಂದ್ರಿ."

ಮೇಸ್ತ್ರಿಯ ಮುಖ ಕೆಂಪಾಯಿತು. ಮೆಕ್ಯಾನಿಕ್ಕಿನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕಿತ್ತುಕೊಂಡು, "ಶುರು ಮಾಡು" ಎಂದ. ತುದಿಯನ್ನು ಇಂಜಿನ್ನಿನ ತಲೆಗೆ ಒತ್ತಿ, ಹಿಡಿಯನ್ನು ಮೂಳೆಗೆ ಆನಿಸಿದ. ಟಕ ಟಕ ಟಕ ಎಂದು ಬಡಿತ ತಲೆಬುರುಡೆಗೆ ಬಂತು. ಕಬ್ಬಿಣ ತೆಗೆದ, ಏನೂ ಇಲ್ಲ. ಮತ್ತೆ ಇಟ್ಟ, ಇತ್ತು. ತೆಗೆದ, ಇಲ್ಲ. ಸದ್ದು ಅಷ್ಟೂ ದಿನ ಅಲ್ಲೇ ಇತ್ತು. ಕಬ್ಬಿಣ ಹಿಡಿದು ದಾಟಿಸಿದರೆ ಒಳಗೆ ಬರುತ್ತಿತ್ತು, ಗಾಳಿಯಲ್ಲಿ ಬಂದದ್ದು ಕಿವಿಯ ಬಾಗಿಲಲ್ಲೇ ನಿಂತುಹೋಗುತ್ತಿತ್ತು. ಅಲ್ಲೇ ಒಂದರ ಮೇಲೊಂದು ಇಟ್ಟಿದ್ದ ಟೈರುಗಳ ಮೇಲೆ ಕುಸಿದು ಕೂತ.

"ಗಾಡಿ ಸರಿ ಇದೆ" ಎಂದ ಕೊನೆಗೆ. "ನಾನೇ ತಪ್ಪು ಕೇಳ್ದೆ."

ಮೆಕ್ಯಾನಿಕ್ ಎದುರು ಬಂದು ಕುಕ್ಕರಗಾಲಲ್ಲಿ ಕೂತ. ತುಟಿ ಕಾಣುವ ಹಾಗೆ, ಗಿರಣಿಯವರ ಹಾಗೇ ಬಾಯಿ ಅಗಲಿಸಿ ನಿಧಾನವಾಗಿ ಮಾತಾಡಿದ. "ನಮ್ಮಪ್ಪನೂ ನೂಲುವ ವಿಭಾಗದಲ್ಲೇ ಇದ್ದಿದ್ದು. ಕೊನೆಗೆ ಇಡೀ ಮನೆಯವರೇ ಪಿಸುಗುಟ್ತಾರೆ ಅಂತ ಜಗಳ ಆಡ್ತಿದ್ರು. ಡಾಕ್ಟರಿಗೆ ತೋರಿಸಿ ಮೇಸ್ತ್ರಿ. ಅಲ್ಲಿ ತನಕ ಒಂದು ಉಪಾಯ ಇದೆ." ಕಪಾಟಿನಿಂದ ಎರಡು ಹೆಲ್ಮೆಟ್ಟು ತೆಗೆದ. ಮುಂದೆ ಕೂತವನೂ ಹಿಂದೆ ಕೂತವರೂ ಮಾತಾಡಿಕೊಳ್ಳಲು ಒಳಗೆ ಕಿವಿಯ ಬಳಿ ಪುಟ್ಟ ಸ್ಪೀಕರು, ಬಾಯಿಯ ಬಳಿ ಮೈಕು. ದೂರ ಹೋಗುವ ಜೋಡಿಗಳು ಹಾಕಿಸಿಕೊಳ್ಳುತ್ತಾರಂತೆ. ದನಿಯನ್ನು ಪೂರ್ತಿ ಏರಿಸಿ ಒಂದನ್ನು ಮೇಸ್ತ್ರಿಯ ತಲೆಗೆ ಹಾಕಿದ. ಇನ್ನೊಂದನ್ನು ತಾನು ಹಾಕಿಕೊಂಡು ಶೆಡ್ಡಿನ ಹಿಂದಕ್ಕೆ ಹೋಗಿ, "ಈಗ ಹೇಳಿ, ಗಾಡಿಗೆ ಏನಾಗಿದೆ?" ಎಂದ.

"ಏನೂ ಆಗಿಲ್ಲ" ಎಂದ ಮೇಸ್ತ್ರಿ, ಗೋಡೆ ನೋಡುತ್ತಾ.

ಸಂಜೆ ಗೇಟಿನ ಬಳಿ ಹೆಂಡತಿಗೆ ಅವನು ಇದನ್ನೆಲ್ಲ ಹೇಳಬೇಕೆಂದಿದ್ದ. ಆದರೆ "ಹೊಸ ಹೆಲ್ಮೆಟ್ಟು" ಎಂದಷ್ಟೇ ಹೇಳಿ ಅವಳ ತಲೆಗೆ ತಾನೇ ಹಾಕಿ, ಗದ್ದದ ಪಟ್ಟಿ ಬಿಗಿದ. ಇದೂ ಗಾಡಿಯ ಇನ್ನೊಂದು ಹುಚ್ಚು ಎಂಬಂತೆ ಅವಳು ಸುಮ್ಮನೆ ತಲೆಯೊಡ್ಡಿದಳು. ಮನೆಗೆ ಹೋಗಿ ಹೇಳಿದರಾಯಿತು ಎಂದು ಅವನು ಹೊರಟ.

ಸ್ವಲ್ಪ ದೂರ ಬರೀ ರಸ್ತೆ. ಆಮೇಲೆ ಕಿವಿಯ ಪಕ್ಕದಲ್ಲೇ ಅವಳ ದನಿ ಬಂತು. ಅವನಿಗಾಗಿ ಆಡಿದ್ದಲ್ಲ, ತನಗೆ ತಾನೇ ಹೇಳಿಕೊಂಡದ್ದು.

"ನಾಳೆ ರಿಪೋರ್ಟು. ಗಂಟು ಕೆಟ್ಟದ್ದೇ ಆಗಿದ್ರೆ ಇವರಿಗೆ ಹೇಗೆ ಹೇಳ್ಲಿ? ಹೇಳಿದ್ರೂ ಹೂಂ ಅಂತಾರೆ. ಹೇಳದೇ ಇದ್ರೂ ಅಷ್ಟೇ."

ಮೇಸ್ತ್ರಿ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಇಂಜಿನ್ನು ಆರಿಸಿದ.

"ಯಾವ ರಿಪೋರ್ಟು?" ಎಂದ, ಮುಂದೆ ನೋಡುತ್ತಲೇ.

ಹಿಂದೆ ಅವಳು ಬೆಚ್ಚಿದ್ದು ಸೀಟಿನಲ್ಲೇ ತಿಳಿಯಿತು. "ನಿಮಗೆ ಕೇಳಿಸ್ತಾ?"

"ಯಾವ ಗಂಟು? ನೀನು ಏನೂ ಹೇಳಲೇ ಇಲ್ಲ, ನನ್ನನ್ನ ಕೇಳಲೇ ಇಲ್ಲವಲ್ಲೇ."

"ಕೇಳ್ದೆ ರೀ. ಗುರುವಾರ ತುಣುಕು ತೆಗೀತಾರೆ, ಬರ್ತೀರಾ ಅಂತ ಕೇಳ್ದೆ. ಒಬ್ಬಳೇ ಹೋಗ್ಲಾ ಅಂತ ಕೇಳ್ದೆ. ಹೂಂ ಅಂದ್ರಿ. ಮತ್ತೆ ಕೇಳ್ದೆ. ಹೂಂ, ಹೂಂ ಅಂದ್ರಿ."

"ನೀನು ಕೇಳಿದ್ದು ನನಗೆ ಕೇಳಲಿಲ್ಲ ಕಣೆ."

ಪ್ರಶ್ನೆ ಹಾಕುವುದಕ್ಕೂ, ಅದು ಕಿವಿಗೆ ಬೀಳುವುದಕ್ಕೂ ನಾವು ಒಂದೇ ಮಾತು ಇಟ್ಟುಕೊಂಡಿದ್ದೇವೆ. ಎರಡೂ ಒಟ್ಟೊಟ್ಟಿಗೆ ಆಗಿಯೇ ಆಗುತ್ತವೆ ಎಂಬ ನಂಬಿಕೆ ಇರಬೇಕು. ಆ ನಂಬಿಕೆಯಲ್ಲೇ ಅವಳು ಅಷ್ಟು ದಿನ ಒಬ್ಬಳೇ ಬೆಂದಿದ್ದಳು.

ಅವನು ಹೆಲ್ಮೆಟ್ಟು ತೆಗೆದು ಹಿಂದಕ್ಕೆ ತಿರುಗಿದ. "ಕಿವಿ ಹೋಗಿದೆ ನನಗೆ. ಗಾಡೀದು ಅಂದ್ಕೊಂಡಿದ್ದೆ, ನಂದೇ. ಬೆನ್ನಿಗೆ ನಿನ್ನ ಮಾತು ತಾಗ್ತಿತ್ತು, ನಿಂತಾಗ ಹೂಂ ಅಂತಿದ್ದೆ." ಅವಳು ಅವನ ಬೆನ್ನಿಗೆ ಗುದ್ದಿದಳು, ಮತ್ತೆ ಗುದ್ದಿದಳು. ಏನೇನೋ ಹೇಳುತ್ತಿದ್ದಳು, ಜೊತೆಗೆ ಅಳುತ್ತಿದ್ದಳು. ಅಳುವ ತುಟಿಯನ್ನು ಓದುವುದು ಗಿರಣಿಯಲ್ಲಿ ಪಳಗಿದವನಿಗೂ ಆಗುವುದಿಲ್ಲ. ಮೇಸ್ತ್ರಿ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡ.

"ನಾನು ಬೇಡ ಆದೆ ಅಂದ್ಕೊಂಡೆ" ಎನ್ನುತ್ತಿದ್ದಳು ಅವಳು. "ಇಷ್ಟು ವರ್ಷದ ಮೇಲೆ, ಒಂದು ಗಾಡಿಗಿಂತ ಕಡೆ ಆದೆ ಅಂದ್ಕೊಂಡೆ."

ನಿಂತ ಗಾಡಿಯ ಮೇಲೆ, ಹೆಲ್ಮೆಟ್ಟು ಹಾಕಿಕೊಂಡು, ಮುಖ ಮುಂದಕ್ಕೆ ಮಾಡಿಕೊಂಡು ಮಾತಾಡುತ್ತಾ ಕೂತ ಈ ಇಬ್ಬರನ್ನು ಹೋಗಿ ಬರುವವರು ತಿರುಗಿ ನೋಡಿದರು. ಅವಳು ಗಂಟು ಕೈಗೆ ಸಿಕ್ಕ ದಿನದಿಂದ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅವನು ನಡುವೆ ಎಲ್ಲೂ ಹೂಂ ಅನ್ನಲಿಲ್ಲ. ತಿಳಿಯದ ಕಡೆ ಮತ್ತೆ ಕೇಳಿದ.

ಮರುದಿನ ಇಬ್ಬರೂ ಹೆಲ್ಮೆಟ್ಟು ಹಾಕಿಕೊಂಡೇ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಬಾಗಿಲ ಕಾವಲಿನವನು ಅಡ್ಡ ಬಂದ.

"ಅಕ್ಕಾ, ಇದೇನು ವೇಷ? ಒಳಗೆ ತೆಗೀಬೇಕು."

"ತೆಗೆದ್ರೆ ಇವರಿಗೆ ಕೇಳಿಸಲ್ಲಪ್ಪ" ಎಂದಳು ಅವಳು. ಇಷ್ಟು ಕಾಲ ದಿನಾ ಬೆಳಿಗ್ಗೆ ಇದೇ ಬಾಗಿಲಲ್ಲಿ ಬಂದವಳ ಮುಖ ನೋಡಿ ಅವನು ದಾರಿ ಬಿಟ್ಟ.

ಡಾಕ್ಟರಮ್ಮ ಬಾಯಿಗೆ ಮಾಸ್ಕು ಕಟ್ಟಿದ್ದರು. ವಿಷಯ ತಿಳಿದು, ಮಾಸ್ಕು ಇಳಿಸಿ ಜೋರಾಗಿ ಹೇಳುತ್ತೇನೆ ಎಂದರು. "ಬೇಡಿ" ಎಂದಳು ಮೇಸ್ತ್ರಿಯ ಹೆಂಡತಿ. "ಕೂಗಿ ಹೇಳೋ ಮಾತಲ್ಲ ಇದು. ನೀವು ನನಗೆ ಹೇಳಿ. ನಾನು ಅವರಿಗೆ ಹೇಳ್ತೀನಿ."

ಡಾಕ್ಟರಮ್ಮ ಕಾಗದ ನೋಡಿಕೊಂಡು ಮಾತಾಡಿದರು. ಮೇಸ್ತ್ರಿಗೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಹೆಲ್ಮೆಟ್ಟಿನೊಳಗೆ ಹೆಂಡತಿಯ ದನಿ ತುಂಡು ತುಂಡಾಗಿ ಬಂತು.

"ಗಂಟು ಕೆಟ್ಟದ್ದೇ ಅಂತೆ ರೀ."

ಸ್ವಲ್ಪ ಬಿಟ್ಟು, "ಬೇರೆ ಕಡೆ ಹರಡಿದ ಹಾಗೆ ಕಾಣ್ತಿಲ್ಲವಂತೆ. ಬೇಗ ಆಪರೇಷನ್ ಮಾಡ್ಬೇಕಂತೆ."

ಡಾಕ್ಟರಮ್ಮ ಇನ್ನೇನೋ ಹೇಳಿದರು. ಹೇಳುವಾಗ ಅವರ ಕೈ ತಮ್ಮ ಎಡಗಡೆಯ ಎದೆಯವರೆಗೆ ಹೋಗಿ ಅಡ್ಡಕ್ಕೆ ಸರಿಯಿತು. ಹೆಲ್ಮೆಟ್ಟಿನಲ್ಲಿ ದನಿ ಬರಲಿಲ್ಲ. ಅವಳ ಉಸಿರು ಮಾತ್ರ ಬರುತ್ತಿತ್ತು, ಕಿವಿಗೆ ಅಷ್ಟು ಹತ್ತಿರವಾಗಿ ಅವನು ಅದನ್ನು ಎಂದೂ ಕೇಳಿರಲಿಲ್ಲ.

"ಏನಂದ್ರು?"

ಆ ಕೈ ಸರಿದದ್ದನ್ನು ಅವನು ನೋಡಿದ್ದ, ಗಿರಣಿಯವನಿಗೆ ಅಷ್ಟು ಸಾಕಿತ್ತು. ಆದರೂ ತಿಳಿಯಿತು ಎಂದು ತಲೆಯಾಡಿಸಿ ಅವಳನ್ನು ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಮತ್ತೆ ಅವಳೊಬ್ಬಳ ಒಳಗೇ ಉಳಿಯುವುದು ಬೇಡ.

"ಏನಂದ್ರು, ಹೇಳು."

"ಪೂರ್ತಿ ತೆಗೀಬೇಕಂತೆ ರೀ" ಎಂದಳು. "ಎಡಗಡೇದು. ಪೂರ್ತಿ."

ಒಂದಕ್ಷರವೂ ಜಾರದೆ ಕಿವಿಗೆ ಬಿತ್ತು. ಇದೊಂದು ಕೇಳಿಸದೆ ಇದ್ದಿದ್ದರೆ ಎಂದು ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಿತು. ಅವನು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಕೇಳಿಸ್ತು" ಎಂದ. ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ತಿಳಿಯುತ್ತಿರಲಿಲ್ಲ. "ಎಲ್ಲಾ ಕೇಳಿಸ್ತು ಕಣೆ, ಎಲ್ಲಾ!"

ಹೊರಗಿನ ಬೆಂಚಿನಲ್ಲಿ ಕೂತಿದ್ದವರು ಬಾಗಿಲ ಕಡೆ ತಿರುಗಿ ನೋಡಿದರು.

"ಮೆಲ್ಲಗೆ ರೀ" ಎಂದು ಅವಳು ಅಳುತ್ತಲೇ ಅವನ ಕಿವಿಯೊಳಗೆ ಹೇಳಿದಳು. "ಇಲ್ಲೇ ಇದ್ದೀನಿ."